ಚಳಿಗಾಲದ ಕೊನೆಗೊಂದು ಮಳೆವಾರ: ಮುನ್ಸೂಚನೆಯಲ್ಲಿ ಏನನ್ನು ನೋಡಬೇಕು?

ಎಲ್ಲರಿಗೂ ನಮಸ್ಕಾರ.

ಚಳಿಗಾಲ ಮುಗಿಯುತ್ತ ಬಂದಾಗ "ಇಡೀ ವಾರ ಮಳೆ" ಎಂಬ ಮುನ್ಸೂಚನೆ ಬಂದರೆ ನಾವು ಮೊದಲು ಹುಡುಕುವುದು ಒಂದೇ ಅಂಕಿಯನ್ನು: ಎಷ್ಟು ಮಿಲಿಮೀಟರ್? ಆ ಅಂಕಿ ಬೇಕು, ನಿಜ. ಆದರೆ ಈ ಕಾಲದ ಮಳೆಯ ಮಟ್ಟಿಗೆ, ಮಳೆ ಬೀಳುವ ನೆಲ ಯಾವ ಸ್ಥಿತಿಯಲ್ಲಿದೆ ಎಂಬುದು ಅದಕ್ಕಿಂತ ಮುಖ್ಯ ಎಂಬುದು ನನ್ನ ಖಚಿತ ಅಭಿಪ್ರಾಯ. ಇವತ್ತು ಅದನ್ನೇ ನಿಮ್ಮ ಮುಂದಿಡುತ್ತೇನೆ.

ನಾನು ಹೇಳುತ್ತಿರುವುದು ಸಮಶೀತೋಷ್ಣ ವಲಯದ ಬಗ್ಗೆ, ಸರಿಸುಮಾರು 30ರಿಂದ 60 ಡಿಗ್ರಿ ಅಕ್ಷಾಂಶಗಳ ನಡುವಿನ ನಾಡುಗಳ ಬಗ್ಗೆ. ಅಲ್ಲಿ ಚಳಿಗಾಲದ ಮಳೆಯನ್ನು ತರುವುದು ವಾಯುಭಾರ ಕುಸಿತಗಳು. ಧ್ರುವದ ಕಡೆಯ ತಣ್ಣನೆಯ ಗಾಳಿಯೂ ಉಷ್ಣವಲಯದ ಕಡೆಯ ಬೆಚ್ಚನೆಯ ಗಾಳಿಯೂ ಎದುರಾಗುವ ಗಡಿಯಲ್ಲಿ ಅವು ಹುಟ್ಟುತ್ತವೆ. ಈ ಗಡಿಗಳ ರಚನೆಯನ್ನು ಬಿಡಿಸಿ ತೋರಿಸಿದವರು ಮೊದಲ ಮಹಾಯುದ್ಧದ ಹೊತ್ತಿನಲ್ಲಿ ನಾರ್ವೆಯ ಬರ್ಗೆನ್‌ನಲ್ಲಿದ್ದ ಹವಾಮಾನ ವಿಜ್ಞಾನಿ ವಿಲ್ಹೆಲ್ಮ್ ಬ್ಯರ್ಕ್ನೆಸ್ ಮತ್ತು ಅವರ ಸಂಗಡಿಗರು. ಎತ್ತರದಲ್ಲಿ ಜೋರಾಗಿ ಬೀಸುವ, ಜೆಟ್ ಸ್ಟ್ರೀಮ್ ಎಂಬ ಗಾಳಿಯ ಹೊಳೆ ಈ ಕುಸಿತಗಳನ್ನು ಪಶ್ಚಿಮದಿಂದ ಪೂರ್ವಕ್ಕೆ ಒಯ್ಯುತ್ತದೆ. ಅದು ದಿನಗಟ್ಟಲೆ ಒಂದೇ ದಾರಿ ಹಿಡಿದರೆ ಒಂದರ ಬೆನ್ನಿಗೊಂದು ಕುಸಿತ ಬರುತ್ತದೆ. ಮಳೆವಾರ ಆಗುವುದು ಹೀಗೆ. ನಡುವೆ ಅರ್ಧ ದಿನ ಬಿಸಿಲು ಬಂದರೆ ಮಳೆ ಹೊರಟುಹೋಯಿತೆಂದು ತಿಳಿಯಬೇಡಿ.

ಆ ಏಳು ದಿನಗಳ ಮಾತನ್ನೂ ಒಂದೇ ತೂಕದಲ್ಲಿ ನಂಬುವಂತಿಲ್ಲ. ಆರಂಭದ ಸ್ಥಿತಿಯಲ್ಲಿ ಎಳ್ಳಷ್ಟು ವ್ಯತ್ಯಾಸವಿದ್ದರೂ ಅದು ಬೆಳೆಯುತ್ತ ಹೋಗಿ ಕೊನೆಗೆ ಫಲಿತಾಂಶವನ್ನೇ ಬದಲಿಸುತ್ತದೆ ಎಂದು ಅಮೆರಿಕದ ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆನ್ಜ್ 1963ರಲ್ಲೇ ತೋರಿಸಿದರು. ಹಾಗಾಗಿ 1992ರಿಂದ ಯುರೋಪ್ ಮತ್ತು ಅಮೆರಿಕದ ದೊಡ್ಡ ಹವಾಮಾನ ಕೇಂದ್ರಗಳು ಕಂಪ್ಯೂಟರಿನ ಒಂದೇ ಲೆಕ್ಕವನ್ನು ನೆಚ್ಚಿ ಕೂರದೆ, ಆರಂಭವನ್ನು ಚೂರುಚೂರು ಬದಲಿಸಿ ಹಲವು ಲೆಕ್ಕಗಳನ್ನು ಒಟ್ಟಿಗೆ ಓಡಿಸುತ್ತಿವೆ. 50 ಲೆಕ್ಕಗಳಲ್ಲಿ 20 ಮಳೆ ತೋರಿಸಿದರೆ ಸಂಭವ ಸುಮಾರು ಶೇ. 40 ಎನ್ನಬಹುದು. ಶೇ. 40 ಅಂದರೆ ದಿನದ ಶೇ. 40 ಹೊತ್ತು ಮಳೆ ಎಂದೋ, ಸಣ್ಣ ಮಳೆ ಎಂದೋ ಅರ್ಥವಲ್ಲ. ಇಂಥ ಹತ್ತು ಸಂದರ್ಭಗಳಲ್ಲಿ ನಾಲ್ಕು ಸಲ ಮಳೆ ಬೀಳುತ್ತದೆ ಎಂದಷ್ಟೇ. ಬಿದ್ದಾಗ ಧಾರಾಕಾರವಾಗಿಯೂ ಬೀಳಬಹುದು.

ಈಗ ನೆಲಕ್ಕೆ ಬರೋಣ. ಒಂದು ಹೆಕ್ಟೇರಿನ ಮೇಲೆ 10 ಮಿ.ಮೀ. ಮಳೆ ಅಂದರೆ ಒಂದು ಲಕ್ಷ ಲೀಟರ್ ನೀರು. ಬೇಸಿಗೆಯ ಒಣ ಮಣ್ಣು ಅದರಲ್ಲಿ ಬಹುಪಾಲನ್ನು ಕುಡಿದುಬಿಡುತ್ತದೆ, ಗಿಡಮರಗಳು ಹೀರಿ ಮತ್ತೆ ಗಾಳಿಗೆ ಬಿಡುತ್ತವೆ. ಚಳಿಗಾಲದ ಕೊನೆಯಲ್ಲಿ ಇದ್ಯಾವುದೂ ನಡೆಯುವುದಿಲ್ಲ. ತಿಂಗಳುಗಟ್ಟಲೆ ನೆನೆದ ಮಣ್ಣು ತುಂಬಿಹೋಗಿರುತ್ತದೆ ಅಥವಾ ಹೆಪ್ಪುಗಟ್ಟಿರುತ್ತದೆ, ಎಲೆ ಉದುರಿದ ಮರಗಳು ನೀರು ಎಳೆಯುವುದಿಲ್ಲ, ಎಳೆಬಿಸಿಲಿಗೆ ಆವಿಯಾಗುವುದೂ ಕಡಿಮೆ. ಬಿದ್ದ ನೀರಿನ ಬಹುಪಾಲು ನೇರ ಹಳ್ಳ ಸೇರುತ್ತದೆ. ಮಳೆಯ ಅಂಕಿಯ ಪಕ್ಕದಲ್ಲೇ ಮಣ್ಣು ಎಷ್ಟು ನೆನೆದಿದೆ ಎಂಬುದನ್ನೂ ದಿನದಿನದ ಸುದ್ದಿಯಲ್ಲಿ ಹೇಳುವಂತಾಗಬೇಕು ಎಂದು ನಾನು ಹೋದಲ್ಲೆಲ್ಲ ಕೇಳಿಕೊಳ್ಳುತ್ತೇನೆ.

ಬೆಟ್ಟಗಳ ಮೇಲೆ ಹಿಮ ಕೂತಿದ್ದರೆ ಲೆಕ್ಕ ಇನ್ನೂ ತೊಡಕಾಗುತ್ತದೆ. ಮಳೆನೀರಿನ ಬಿಸಿಗೆ ಹಿಮ ಕರಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಲೆಕ್ಕ ಹಾಕಿ ನೋಡಿ: 10 ಡಿಗ್ರಿ ಸೆಲ್ಸಿಯಸ್‌ನ 10 ಮಿ.ಮೀ. ಮಳೆ ಬಿದ್ದರೆ ಅದರ ಬಿಸಿ ಕರಗಿಸುವ ಹಿಮದಿಂದ ಸಿಗುವ ನೀರು 1 ಮಿ.ಮೀ.ಗಿಂತ ತುಸು ಹೆಚ್ಚು, ಅಷ್ಟೇ. ನಿಜವಾಗಿ ಕರಗಿಸುವುದು ಮಳೆಯ ಜೊತೆ ಬರುವ ಬೆಚ್ಚನೆಯ, ತೇವದ ಗಾಳಿ. ತಣ್ಣೀರಿನ ಲೋಟದ ಹೊರಮೈಯಲ್ಲಿ ಹನಿ ಕೂರುವಂತೆ ಆ ಗಾಳಿಯ ತೇವ ಹಿಮದ ಮೇಲೆ ನೀರಾಗುತ್ತದೆ. ಹಾಗೆ ನೀರಾಗುವ ಒಂದೊಂದು ಗ್ರಾಂ ಆವಿಯೂ ಏಳು ಗ್ರಾಂಗಿಂತ ಹೆಚ್ಚು ಮಂಜುಗಡ್ಡೆಯನ್ನು ಕರಗಿಸುವಷ್ಟು ಗುಪ್ತೋಷ್ಣವನ್ನು ಬಿಟ್ಟುಕೊಡುತ್ತದೆ! ಆದ್ದರಿಂದ ಮುನ್ಸೂಚನೆಯಲ್ಲಿ ಇಬ್ಬನಿ ಬಿಂದು (ಗಾಳಿಯ ತೇವ ನೀರಾಗತೊಡಗುವ ಉಷ್ಣಾಂಶ) ಸೊನ್ನೆಗಿಂತ ಸಾಕಷ್ಟು ಮೇಲಿದ್ದು, ಗಾಳಿಯೂ ಜೋರಾಗಿದ್ದು, ರಾತ್ರಿಯಲ್ಲೂ ಹಾಗೇ ಮುಂದುವರಿಯುವಂತಿದ್ದರೆ, ಮಳೆ ಕಡಿಮೆಯಿದ್ದರೂ ನದಿಪಾತ್ರದವರು ಎಚ್ಚರವಾಗಿರಬೇಕು.

ಇಲ್ಲೇ ಮುನ್ಸೂಚಕರ ಸಂಕಟವೂ ಇರುವುದು. ಒಂದು ಕಿಲೋಮೀಟರ್ ಮೇಲೇರಿದರೆ ಉಷ್ಣಾಂಶ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ಅಂದಾಜಿನಲ್ಲಿ ಬರೀ ಎರಡು ಡಿಗ್ರಿ ತಪ್ಪಾದರೂ ಮಳೆ ಹಿಮವಾಗುವ ಎತ್ತರ 300 ಮೀಟರ್‌ನಷ್ಟು ಮೇಲೆ ಕೆಳಗಾಗುತ್ತದೆ. ಆ 300 ಮೀಟರ್ ಪಟ್ಟಿಯಲ್ಲಿ ಬಿದ್ದದ್ದು ಹಿಮವಾಗಿ ಬೆಟ್ಟದಲ್ಲೇ ಉಳಿಯಿತೋ, ನೀರಾಗಿ ಕೆಳಗಿಳಿಯಿತೋ ಎಂಬುದರ ಮೇಲೆ ಕಣಿವೆಯ ಊರುಗಳ ಪಾಡು ನಿಂತಿರುತ್ತದೆ. ಮುನ್ಸೂಚಕರು "ಇಷ್ಟರಿಂದ ಇಷ್ಟು" ಎಂದು ಅಂತರ ಕೊಟ್ಟರೆ ನುಣುಚಿಕೊಳ್ಳುತ್ತಿದ್ದಾರೆ ಎಂದು ದಯವಿಟ್ಟು ದೂರಬೇಡಿ. ಅವರು ತಮಗೆ ಗೊತ್ತಿರುವಷ್ಟನ್ನು ಪ್ರಾಮಾಣಿಕವಾಗಿ ಹೇಳುತ್ತಿರುತ್ತಾರೆ.

ರಸ್ತೆಯ ಬಗ್ಗೆ ಒಂದು ಮಾತು. ಕಡುಚಳಿಯ ಬೆನ್ನಿಗೆ ಬರುವ ಮೊದಲ ಮಳೆ ವಾಹನ ಓಡಿಸುವವರಿಗೆ ತುಂಬ ಅಪಾಯಕಾರಿ. ಗಾಳಿ ಬೆಚ್ಚಗಾಗಿ ಥರ್ಮಾಮೀಟರ್ ಎರಡು ಡಿಗ್ರಿ ತೋರಿಸುತ್ತಿದ್ದರೂ ರಸ್ತೆಯ ಮೈ ಇನ್ನೂ ಸೊನ್ನೆಯ ಕೆಳಗಿರಬಹುದು; ಬಿದ್ದ ಹನಿ ಅಲ್ಲೇ ಗಾಜಿನ ಪದರದಂತೆ ಹೆಪ್ಪುಗಟ್ಟುತ್ತದೆ.

ಇನ್ನು ವಾರದ ಕೊನೆ. ಕೊನೆಯ ಕುಸಿತ ದಾಟಿದ ಮೇಲೆ ಗಾಳಿ ದಿಕ್ಕು ಬದಲಿಸುತ್ತದೆ, ಆಕಾಶ ತಿಳಿಯಾಗುತ್ತದೆ, ಜನ ಹೊರಗೆ ಬರುತ್ತಾರೆ. ಆದರೆ ಮೇಲಿನ ಕಣಿವೆಗಳ ನೀರು ಇನ್ನೂ ದಾರಿಯಲ್ಲೇ ಇರುತ್ತದೆ. ದೊಡ್ಡ ನದಿಗಳ ಕೆಳಹರಿವಿನಲ್ಲಿ ಮಳೆ ನಿಂತು ದಿನಗಳಾದ ಮೇಲೂ ಮಟ್ಟ ಏರುತ್ತಿರುವುದುಂಟು. ಮಳೆಯ ಮುನ್ಸೂಚನೆ ಮುಗಿದ ದಿನದಿಂದ ನದಿಮಟ್ಟದ ಪ್ರಕಟಣೆಗಳನ್ನು ನೋಡಲು ಶುರುಮಾಡಿ, ನಿಮ್ಮ ಊರಿನ ಮಾಪಕದಲ್ಲಿ ನೀರು ಇಳಿಮುಖವಾಗುವವರೆಗೂ ನೋಡುತ್ತಿರಿ.