ಶೈಲಿಯೆಂಬ ಸಾಕ್ಷಿ

ಮಾನ್ಯ ಸಭಿಕರೇ,

ಟರ್ಕಿಯ ಓರ್ಹಾನ್ ಪಾಮುಕ್ ಅವರು 1998ರಲ್ಲಿ ಪ್ರಕಟಿಸಿದ, 2001ರಲ್ಲಿ ‘ಮೈ ನೇಮ್ ಈಸ್ ರೆಡ್’ ಎಂಬ ಹೆಸರಿನಿಂದ ಇಂಗ್ಲಿಷಿಗೆ ಬಂದ ಕಾದಂಬರಿಯ ಮೊದಲ ಅಧ್ಯಾಯದಲ್ಲಿ ಮಾತನಾಡುವುದು ಬಾವಿಯ ತಳದಲ್ಲಿ ಬಿದ್ದಿರುವ ಒಂದು ಹೆಣ. ಕಾಲ 1591ರ ಚಳಿಗಾಲ, ಸ್ಥಳ ಹಿಮ ಸುರಿಯುತ್ತಿರುವ ಇಸ್ತಾಂಬುಲ್. ಸತ್ತವನು ಎಲಿಗೆಂಟ್ ಎಫೆಂಡಿ, ಸುಲ್ತಾನ ಮೂರನೆಯ ಮುರಾದನ ಚಿತ್ರಶಾಲೆಯಲ್ಲಿ ಗ್ರಂಥದ ಪುಟಗಳಿಗೆ ಚಿನ್ನದ ಕುಸುರಿ ಬಿಡಿಸುತ್ತಿದ್ದವನು. ಶಂಕಿತರಾದ ಮೂವರೂ ಅದೇ ಚಿತ್ರಶಾಲೆಯ ನುರಿತ ಕೈಗಳು. ಗುರು ಉಸ್ಮಾನ್ ಇಟ್ಟ ಬಟರ್‌ಫ್ಲೈ, ಸ್ಟಾರ್ಕ್, ಆಲಿವ್ ಎಂಬ ಅಡ್ಡಹೆಸರುಗಳಿಂದಲೇ ನಾವು ಅವರನ್ನು ಅರಿಯುತ್ತೇವೆ. ಅವರಲ್ಲಿ ಕೊಂದವನಾರೆಂಬುದನ್ನು ನಾನು ಬಿಟ್ಟುಕೊಡುವುದಿಲ್ಲ. ಇನ್ನೂ ಓದದವರು ನಿಶ್ಚಿಂತೆಯಿಂದ ಕೂರಬಹುದು.

ಕೊಲೆಯ ಹಿಂದೆ ಒಂದು ಪುಸ್ತಕವಿದೆ. ಸುಲ್ತಾನನು ಗುಟ್ಟಾಗಿ ಮಾಡಿಸುತ್ತಿರುವ ಈ ಗ್ರಂಥದ ಹೊಣೆ ಹೊತ್ತ ಎನಿಷ್ಟೆಯು ಹಿಂದೆ ರಾಯಭಾರಿಯಾಗಿ ವೆನಿಸಿಗೆ ಹೋಗಿದ್ದಾಗ, ಒಬ್ಬನ ಮುಖ ಮತ್ತೊಬ್ಬನದಾಗಲಾರದು ಎಂಬಂತೆ ಬರೆದ ಭಾವಚಿತ್ರಗಳನ್ನು ಕಂಡು ಬೆರಗಾಗಿದ್ದವನು. ಆ ಕ್ರಮವನ್ನು ಈ ಪುಟಗಳಿಗೂ ತರಬೇಕೆಂಬುದು ಅವನ ಆಸೆ. ಹೆರಾತಿನ ಹಳೆಯ ಪಾರಸಿ ಚಿತ್ರಗುರು ಬಿಹ್ಜಾದನ ಪರಂಪರೆಯನ್ನು ಪೂಜಿಸುವ ಚಿತ್ರಕಾರರಿಗೆ ಇದು ಧರ್ಮಸಂಕಟ. ಕುದುರೆಯನ್ನು ದೇವರು ಕಂಡಂತೆ, ಅಂದರೆ ಹಿಂದಿನ ಗುರುಗಳು ಬರೆದು ಸ್ಥಿರಗೊಳಿಸಿದಂತೆ ಬರೆಯುವುದೇ ಅವರ ಸಾಧನೆ. ಬರೆದವನ ಸ್ವಂತ ಗುರುತು ಚಿತ್ರದಲ್ಲಿ ಎದ್ದು ಕಂಡರೆ ಅದು ಅವನ ದೋಷ.

ಈ ಕೃತಿಯನ್ನು ನಾನು ಮೆಚ್ಚುವುದು ಮುಖ್ಯವಾಗಿ ಈ ಕಾರಣಕ್ಕೆ. ಹೆಣದ ಮೈಮೇಲೆ ದೊರೆತ ಕಾಗದದಲ್ಲಿ ಒಂದು ಕುದುರೆಯ ಚಿತ್ರವಿದೆ, ಆ ಕುದುರೆಯ ಮೂಗಿನ ಹೊಳ್ಳೆ ಸೀಳಿದಂತಿದೆ. ಉಸ್ಮಾನನೂ ತನಿಖೆಯ ಹೊಣೆ ಬಿದ್ದ ಎನಿಷ್ಟೆಯ ಸೋದರಳಿಯ ಬ್ಲ್ಯಾಕ್‌ನೂ ಅರಮನೆಯ ಖಜಾನೆಯೊಳಗೆ ಕೂತು ಹಳೆಯ ಗ್ರಂಥಗಳನ್ನು ಮಗುಚುವುದು ಕೊಂದವನ ಗುರುತನ್ನು ಆ ಗೆರೆಗಳ ಮೂಲದಲ್ಲಿ ಹುಡುಕುತ್ತ. ಶೈಲಿಯನ್ನು ಕಳಂಕವೆಂದು ನಂಬಿದ ಲೋಕದಲ್ಲಿ ಅಪರಾಧಿಯನ್ನು ಹಿಡಿದುಕೊಡಬಲ್ಲ ಸಾಕ್ಷಿ ಶೈಲಿಯೊಂದೇ ಆಗಿಬಿಡುತ್ತದೆ. ಪರಂಪರೆಗೆ ಅವನು ಎಷ್ಟು ನಿಷ್ಠನೋ ಅಷ್ಟು ಸುರಕ್ಷಿತ. ಇದೇ ಪರೀಕ್ಷೆಯನ್ನು ಪಾಮುಕ್ ಓದುಗರಿಗೂ ಒಡ್ಡುತ್ತಾರೆ. ಐವತ್ತೊಂಬತ್ತು ಅಧ್ಯಾಯಗಳೂ ಉತ್ತಮ ಪುರುಷದಲ್ಲಿವೆ, ಮತ್ತು ಕೊಲೆಗಾರನು ಕೆಲವೆಡೆ ಕೊಲೆಗಾರನಾಗಿಯೇ, ಕೆಲವೆಡೆ ತನ್ನ ಅಡ್ಡಹೆಸರಿನ ಮರೆಯಲ್ಲಿ ಮಾತನಾಡುತ್ತ, ತನ್ನ ಮಾತಿನ ಬಗೆಯಿಂದ ತನ್ನನ್ನು ಪತ್ತೆಹಚ್ಚಿರೆಂದು ನಮ್ಮನ್ನು ಕೆಣಕುತ್ತಾನೆ.

ಇದರ ಮೇಲೆ ಇನ್ನೂ ಪದರಗಳಿವೆ. ನಾಯಿ, ಮರ, ನಾಣ್ಯ, ಸಾವು, ಕೊನೆಗೆ ಕೆಂಪು ಬಣ್ಣವೂ ಮಾತನಾಡುತ್ತವೆ. ಕಾಫಿ ಅಂಗಡಿಯ ಕಥೆಗಾರನೊಬ್ಬ ಚಿತ್ರವೊಂದನ್ನು ತೂಗುಹಾಕಿ ಅದರ ಪರವಾಗಿ ಆಡುವ ಮಾತುಗಳು ಇವುಗಳ ಹಿಂದಿವೆ. ಕಾಫಿಯನ್ನೂ ಚಿತ್ರಗಳನ್ನೂ ಪಾಪವೆನ್ನುವ ಎರ್ಜುರುಮ್ ಊರಿನ ಮತಪ್ರವಚನಕಾರನ ಹಿಂಬಾಲಕರು ಆ ಅಂಗಡಿಯ ಮೇಲೆ ಬೀಳುವಾಗ, ನಗಿಸುತ್ತಿದ್ದ ಆ ಧ್ವನಿಗೂ ಜೀವಭಯವಿತ್ತೆಂಬುದು ತಡವಾಗಿ ಹೊಳೆಯುತ್ತದೆ. ಎಲ್ಲಕ್ಕೂ ಮೇಲಿನ ಪದರವನ್ನು ಎನಿಷ್ಟೆಯ ಮಗಳು ಶೆಕುರೆ ಕೊನೆಯಲ್ಲಿ ತೆರೆಯುತ್ತಾಳೆ: ಈ ಕಥೆಯನ್ನೆಲ್ಲ ಬರೆಯಲೆಂದು ತನ್ನ ಕಿರಿಯ ಮಗ ಓರ್ಹಾನನಿಗೆ ಒಪ್ಪಿಸಿ, ಅವನ ಮಾತನ್ನು ನಂಬಬೇಡಿರೆಂದೂ ಎಚ್ಚರಿಸುತ್ತಾಳೆ. ಲೇಖಕರ ತಾಯಿಯ ಹೆಸರೂ ಶೆಕುರೆ ಎಂಬುದನ್ನು ಬಲ್ಲವರು ಇಲ್ಲಿ ನಗದೆ ಇರಲಾರರು.

ದೋಷಗಳನ್ನೂ ಹೇಳಬೇಕು. ಮೂವರು ಚಿತ್ರಕಾರರ ಧ್ವನಿಗಳು ಪರಸ್ಪರ ಬೆರೆತುಹೋಗುತ್ತವೆ. ಅದು ಉದ್ದೇಶಪೂರ್ವಕವೆಂಬ ಸಮರ್ಥನೆಯನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ, ಏಕೆಂದರೆ ಮುಖವಾಡ ಕಳಚುವ ಹೊತ್ತಿಗೆ ಇವನೋ ಅವನೋ ಎಂಬ ಕುತೂಹಲ ಬಹುಮಟ್ಟಿಗೆ ಆರಿರುತ್ತದೆ. ಮೂವರೂ ಒಬ್ಬರಾದ ಮೇಲೊಬ್ಬರು ಮೂರು ಮೂರು ದೃಷ್ಟಾಂತಕಥೆಗಳನ್ನು ಹೇಳುವ ಭಾಗವೂ ಭಾರವೇ. ಖಜಾನೆಯ ಅಧ್ಯಾಯಗಳು ದೀರ್ಘವೆಂದು ದೂರುವವರನ್ನು ಮಾತ್ರ ನಾನು ಒಪ್ಪಲಾರೆ. ಬಿಹ್ಜಾದನು ತನ್ನ ಕಣ್ಣುಗಳಿಗೆ ಚುಚ್ಚಿಕೊಂಡನೆಂದು ನಂಬಲಾದ ಸೂಜಿಯನ್ನು ಉಸ್ಮಾನನೂ ತನ್ನ ಕಣ್ಣಿಗೆ ಒಯ್ಯುವ ಆ ಪುಟಗಳಿಗೆ, ಅದುವರೆಗಿನ ನಿಧಾನವಿಲ್ಲದಿದ್ದರೆ, ಅಷ್ಟು ಬಲ ಬರುತ್ತಿರಲಿಲ್ಲ.

ಎನಿಷ್ಟೆಯನ್ನೂ ಕೊಂದು ಕದ್ದೊಯ್ದ ಕೊನೆಯ ಚಿತ್ರದ ನಡುವೆ, ಸುಲ್ತಾನನ ಮುಖವಿರಬೇಕಾದ ಜಾಗದಲ್ಲಿ, ಕೊಲೆಗಾರನು ತನ್ನದೇ ಮುಖವನ್ನು ಬರೆಯಲು ಯತ್ನಿಸಿ ಸೋಲುತ್ತಾನೆ, ಹೋಲಿಕೆ ಕೂಡಿಬರುವುದಿಲ್ಲ. ಅಲ್ಲಿಂದ ಮುಂದೆ ಅವನ ಕನಸು ಹಿಂದೂಸ್ತಾನದ ಅಕ್ಬರನ ಆಸ್ಥಾನವನ್ನು ಸೇರುವುದು. ಆಸ್ಥಾನದ ಇತಿಹಾಸಕಾರ ಅಬುಲ್ ಫಜಲ್ ದಾಖಲಿಸಿರುವಂತೆ ಅಕ್ಬರನು ತಾನೇ ಕುಳಿತು ತನ್ನ ಭಾವಚಿತ್ರ ಬರೆಸಿಕೊಂಡದ್ದಲ್ಲದೆ, ರಾಜ್ಯದ ಪ್ರಮುಖರೆಲ್ಲರ ಹೋಲಿಕೆಗಳನ್ನೂ ಬರೆಸಿದ್ದನು. ಆ ದಶಕದಲ್ಲೇ ನಮ್ಮ ವಿಜಯಪುರದ ಚಿತ್ರಕಾರರೂ ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಮುಖವನ್ನು ಗುರುತು ಹಿಡಿಯಬರುವಂತೆ ಬರೆಯುತ್ತಿದ್ದರು. ಯಾವ ಕಲೆ ಕೈಗೆ ಹತ್ತದೆ ಆ ಕೊಲೆಗಾರನು ಸೋತನೋ, ಅದನ್ನೇ ಅವನು ಹೊರಟಿದ್ದ ದೇಶದ ಅರಸರೂ ತಮ್ಮ ಚಿತ್ರಕಾರರಿಂದ ಕೇಳುತ್ತಿದ್ದರು.