ನೋರಾಳ ಬೀಗದ ಕೈ

ಕೇಳುಗರಿಗೆ ನಮಸ್ಕಾರ. ನಾರ್ವೆಯ ನಾಟಕಕಾರ ಇಬ್ಸನ್‌ನ ‘ಬೊಂಬೆಮನೆ’ ನಾಟಕದ ಸಂಕೇತಗಳ ಬಗ್ಗೆ ಮಾತಾಡಲು ಕರೆದಿದ್ದಾರೆ. ಪರೀಕ್ಷೆಗೆ ಓದುವ ಮಕ್ಕಳು ಪೆನ್ನು ಹಿಡಿದು ಕೂತಿರಬಹುದು. ಪೆನ್ನು ಕೆಳಗಿಡಿ. ಕ್ರಿಸ್‌ಮಸ್ ಮರ ಅಂದರೆ ಇದು, ಕುಣಿತ ಅಂದರೆ ಅದು ಅಂತ ಗೈಡುಗಳಲ್ಲಿರುವ ಪಟ್ಟಿ ಸಾಕಾಗಿ ಹೋಗಿದೆ ನನಗೆ. ನಾನು ಹೇಳುವುದು ಒಂದೇ ಮಾತು. ಬೀಗದ ಕೈ ಯಾರ ಹತ್ತಿರ ಇದೆ, ಅದನ್ನು ನೋಡಿ.

1879ರಲ್ಲಿ ಬಂದ ನಾಟಕ, ನಾರ್ವೆಯ ಸಂಸಾರ. ಗಂಡ ಹೆಲ್ಮರ್ ಹಿಂದೆ ಕಾಯಿಲೆ ಬಿದ್ದಾಗ ಅವನನ್ನು ಉಳಿಸಿಕೊಳ್ಳಲು ನೋರಾ ಗುಟ್ಟಾಗಿ ಸಾಲ ಮಾಡಿದ್ದಾಳೆ, ಪತ್ರಕ್ಕೆ ಅಪ್ಪನ ರುಜು ತಾನೇ ಹಾಕಿದ್ದಾಳೆ. ಗಂಡನ ಒಪ್ಪಿಗೆ ಇಲ್ಲದೆ ಹೆಂಡತಿ ಸಾಲ ಎತ್ತುವ ಹಾಗಿರಲಿಲ್ಲ ಆಗ. ಈಗ ಸಾಲ ಕೊಟ್ಟವನು ಎಲ್ಲವನ್ನೂ ಬರೆದು ಗಂಡನಿಗೆ ಕಾಗದ ಹಾಕಿದ್ದಾನೆ. ಟಪಾಲು ಪೆಟ್ಟಿಗೆಯ ಗಾಜಿನಲ್ಲಿ ಅದು ಕಾಣುತ್ತದೆ, ಕೈಗೆ ಸಿಗುವುದಿಲ್ಲ. ಮನೆಯ ಬೀಗದ ಕೈಗಳು ಅವಳ ಹತ್ತಿರ ಇವೆ. ಆ ಪೆಟ್ಟಿಗೆಯದು ಮಾತ್ರ ಗಂಡನ ಹತ್ತಿರ. ಆಮೇಲೆ ಅವನು ತೆರೆಯಲು ಹೋದಾಗ ಬೀಗದೊಳಗೆ ಮುರಿದ ಹೇರ್‌ಪಿನ್ನು ಸಿಗುತ್ತದೆ. ಅವಳದ್ದೇ. ಮಕ್ಕಳು ಹಾಕಿರಬೇಕು ಅನ್ನುತ್ತಾಳೆ!

ಈ ನಾಟಕವನ್ನು ನಾನೊಮ್ಮೆ ವಿದ್ಯಾರ್ಥಿಗಳಿಂದ ಆಡಿಸಿದೆ. ಕೊನೆಗೆ ನೋರಾ ಗಂಡ, ಮಕ್ಕಳನ್ನು ಬಿಟ್ಟು ಹೊರಟಾಗ ಬಾಗಿಲು ಹಾಕಿಕೊಳ್ಳುವ ಸದ್ದು ಕೇಳಬೇಕಲ್ಲ, ಅದು ಲೋಕಪ್ರಸಿದ್ಧ. ನಮ್ಮದು ಪ್ಲೈವುಡ್ ಬಾಗಿಲು, ತಟ್ಟೆ ಬಿದ್ದ ಹಾಗೆ ಸದ್ದು ಬರುತ್ತಿತ್ತು. ಮೂರು ದಿನ ಅದರದೇ ಚಿಂತೆ. ಕಡೆಗೆ ಹಳೆ ಮರದ ಅಂಗಡಿಯಿಂದ ತೇಗದ ಬಾಗಿಲು ತಂದು, ನಾಲ್ಕು ಜನ ಹೊತ್ತು ನಿಲ್ಲಿಸಿದೆವು. ನೋರಾ ಆಗಿದ್ದ ಹುಡುಗಿ, “ಸರ್, ಹೊರಡುವಾಗ ಬೀಗದ ಕೈ ಇಡಬೇಕಲ್ಲ, ಎಲ್ಲಿಡಲಿ?” ಅಂದಳು. “ಎಲ್ಲಾದರೂ ಇಡಮ್ಮ” ಅಂದೆ. ಮರುದಿನ ಅವಳು ತಾಯಿಯ ಬೀಗದ ಕೈ ಗೊಂಚಲನ್ನೇ ತಂದು ಮೊದಲ ಅಂಕದಿಂದಲೇ ಸೊಂಟಕ್ಕೆ ಸಿಕ್ಕಿಸಿಕೊಂಡಳು. ನಡೆದಾಗಲೆಲ್ಲ ಝಣಝಣ. ಟಪಾಲು ಪೆಟ್ಟಿಗೆಯ ಮುಂದೆ ನಿಂತಾಗಲೂ ಝಣಝಣ, ಅಷ್ಟರಲ್ಲಿ ಒಂದೂ ಆ ಬೀಗಕ್ಕೆ ಹತ್ತುವುದಿಲ್ಲ! ಕಡೆಯ ಅಂಕದಲ್ಲಿ ಗೊಂಚಲು ತೆಗೆದು ಮೇಜಿನ ಮೇಲಿಟ್ಟಳು. ಅಲ್ಲಿಂದಾಚೆಗೆ ಅವಳ ನಡಿಗೆಗೆ ಸದ್ದೇ ಇಲ್ಲ. ಸಭಾಂಗಣದಲ್ಲಿ ಉಸಿರಾಡುವುದೂ ಕೇಳುತ್ತಿತ್ತು. ತೇಗದ ಬಾಗಿಲು ಆಮೇಲೆ ಬಡಿಯಿತು. ನನ್ನ ಎದೆ ಆಗಲೇ ಬಡಿದಾಗಿತ್ತು.

ಸಮಯ ಆಗುತ್ತಾ ಬಂತು ಅಂತ ಕೈಸನ್ನೆ ಮಾಡುತ್ತಿದ್ದಾರೆ, ಬೇಗ ಹೇಳುತ್ತೇನೆ. ನೋರಾ ಹುಚ್ಚೆದ್ದು ಟ್ಯಾರಂಟೆಲಾ ಅನ್ನುವ ಇಟಲಿಯ ಬಿರುಸಿನ ಕುಣಿತ ಕುಣಿಯುವುದು ಏಕೆ? ಗಂಡ ಹೋಗಿ ಪೆಟ್ಟಿಗೆ ತೆರೆಯದಿರಲಿ ಅಂತ. ಮತ್ತೆ ಅದೇ ಬೀಗದ ಕೈ. ಅವನು ಬೇಡ ಅಂದ ಮೆಕರೂನ್ ಅನ್ನುವ ಸಿಹಿತಿಂಡಿ ತಿಂದು ಬಾಯಿ ಒರೆಸಿಕೊಳ್ಳುತ್ತಾಳಲ್ಲ, ಬಾಯಿಗೂ ಬೀಗ ಅವನದೇ. ಜರ್ಮನಿಯ ಒಬ್ಬ ನಟಿ, ಮಕ್ಕಳನ್ನು ಬಿಟ್ಟು ಹೋಗುವ ಪಾತ್ರ ಮಾಡಲಾರೆ ಅಂದಳು. ಇಬ್ಸನ್ ಮನಸ್ಸಿಲ್ಲದೆ ತಾನೇ ಬೇರೆ ಮುಕ್ತಾಯ ಬರೆದುಕೊಟ್ಟ. ಅದರಲ್ಲಿ ನೋರಾ ಮಕ್ಕಳ ಕೋಣೆಯ ಬಾಗಿಲಲ್ಲೇ ಕುಸಿಯುತ್ತಾಳೆ. ದಯವಿಟ್ಟು ಅದನ್ನು ಆಡಬೇಡಿ.

ಮೂಲದಲ್ಲಿ, ಅವಳು ಬೀಗದ ಕೈ ಇಟ್ಟ ಮೇಲೆ ಹೆಲ್ಮರ್ ಒಂದು ಮಾತು ಕೇಳುತ್ತಾನೆ. ನಿನಗೆ ಕಾಗದ ಬರೆಯಲೇ ನೋರಾ? ಇಷ್ಟು ದಿನ ಟಪಾಲು ಪೆಟ್ಟಿಗೆಯ ಬೀಗದ ಕೈ ಇಟ್ಟುಕೊಂಡಿದ್ದ ಗಂಡಸು ಕೇಳುತ್ತಿದ್ದಾನೆ. ಇಲ್ಲ, ಎಂದೂ ಬೇಡ ಅನ್ನುತ್ತಾಳೆ.

ನಮಸ್ಕಾರ.