ಹಿತ್ತಿಲ ತೆಂಗಿನ ಮರ ಮತ್ತು ಭಾಸ್ಕರನ ಸೂತ್ರ

ನೀವು ನೋಡುತ್ತಿರುವುದು ನಮ್ಮ ಹಿತ್ತಿಲ ತೆಂಗಿನ ಮರ. ಇದರ ಎತ್ತರವನ್ನು ಇಂದು ಕಾಗದ, ಪೆನ್ಸಿಲ್ ಹಿಡಿದೇ ಕಂಡುಹಿಡಿಯಬೇಕು. ಕ್ಯಾಲ್ಕುಲೇಟರ್ ಮುಟ್ಟುವುದಿಲ್ಲ, ಲಾಗ್ ಪುಸ್ತಕವನ್ನೂ ತೆರೆಯುವುದಿಲ್ಲ.

ಕೋನಮಾಪಕದ ನಡುವಿಗೆ ದಾರ ಕಟ್ಟಿ, ತುದಿಗೆ ಕಲ್ಲು ತೂಗುಬಿಟ್ಟಿದ್ದೇನೆ. ಬುಡದಿಂದ 15 ಮೀಟರ್ ದೂರ ನಿಂತು, ಅದರ ನೇರ ಅಂಚಿನ ಗುಂಟ ಮರದ ಸುಳಿಯನ್ನು ನೋಡಿದೆ. ದಾರ 90ರ ಗೆರೆಯಿಂದ 37 ಡಿಗ್ರಿ ಸರಿದು ನಿಂತಿತು.

ಇನ್ನು ಬೇಕಾದದ್ದು 37 ಡಿಗ್ರಿಯ ಟ್ಯಾಂಜೆಂಟ್, ಅಂದರೆ ಕಣ್ಣಿನ ಮಟ್ಟದಿಂದ ಮೇಲಿನ ಎತ್ತರವನ್ನು ದೂರದಿಂದ ಭಾಗಿಸಿದರೆ ಬರುವ ಸಂಖ್ಯೆ. ಕೋನದ ಸೈನ್ ಅನ್ನು ಕೊಸೈನ್‌ನಿಂದ ಭಾಗಿಸಿದರೂ ಅದೇ ಸಿಗುತ್ತದೆ. ಇಲ್ಲಿ ನನಗೆ ನೆರವಾದವನು 7ನೆಯ ಶತಮಾನದ ಮೊದಲನೆಯ ಭಾಸ್ಕರ. ‘ಲೀಲಾವತಿ’ ಗ್ರಂಥ ಬರೆದ ಭಾಸ್ಕರ ಬೇರೆ, ಅವನು 12ನೆಯ ಶತಮಾನದವನು. ಆರ್ಯಭಟನ ಕೋಷ್ಟಕದಲ್ಲಿ 225, 224, 222 ಎಂದು ಇಳಿಯುತ್ತ ಹೋಗುವ 24 ಜ್ಯಾ (ಇಂದಿನ ಸೈನ್‌ನ ಹಳೆಯ ರೂಪ) ಅಂತರಗಳಿವೆ. ಅವುಗಳ ಹಂಗಿಲ್ಲದೆ ಲೆಕ್ಕ ಮಾಡುವ ಬಗೆಯನ್ನು ಹೇಳುತ್ತೇನೆ ಎಂದೇ ಭಾಸ್ಕರ ‘ಮಹಾಭಾಸ್ಕರೀಯ’ದಲ್ಲಿ ಈ ಸೂತ್ರವನ್ನು ಆರಂಭಿಸುತ್ತಾನೆ. ಆ ಮಾತು ನನಗೆ ಬಹಳ ಇಷ್ಟ.

180ರಿಂದ 37 ಕಳೆದರೆ 143. ಎರಡನ್ನೂ ಗುಣಿಸಿದರೆ 5291. ಇದನ್ನು ಎರಡು ಕಡೆ ಬರೆದುಕೊಳ್ಳಿ. ಒಂದು ಕಡೆ ನಾಲ್ಕರಿಂದ ಗುಣಿಸಿ: 21164. ಇನ್ನೊಂದು ಕಡೆ 40500ರಿಂದ ಕಳೆಯಿರಿ: 35209. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 0.6011. ಇದೇ ಸೈನ್, ನಿಜವಾದ ಬೆಲೆ 0.6018. 30 ಡಿಗ್ರಿಗೆ ಇದೇ ಸೂತ್ರ ಕರಾರುವಾಕ್ಕಾಗಿ ಅರ್ಧವನ್ನೇ ಕೊಡುತ್ತದೆ, 90ಕ್ಕೆ ಒಂದನ್ನೇ. ಬಿಡುವಾದಾಗ ಮಾಡಿ ನೋಡಿ, ಸಂತೋಷವಾಗುತ್ತದೆ.

ಕೊಸೈನ್‌ಗೆ, 90ರಿಂದ 37 ಕಳೆದು ಉಳಿದ 53ರ ಸೈನ್ ಸಾಕು: 0.7973. ಭಾಗಿಸಿದರೆ ಟ್ಯಾಂಜೆಂಟ್ 0.7539. ನಿಜವಾದದ್ದು 0.7536! ಸೈನ್, ಕೊಸೈನ್ ಎರಡೂ ತುಸು ಕಡಿಮೆಯೇ ಬಂದಿದ್ದರಿಂದ ಭಾಗಾಕಾರದಲ್ಲಿ ತಪ್ಪು ಬಹುಪಾಲು ಕರಗಿಹೋಯಿತು. 15ರಿಂದ ಗುಣಿಸಿ, ನನ್ನ ಕಣ್ಣಿನ ಎತ್ತರ ಒಂದೂವರೆ ಮೀಟರ್ ಕೂಡಿಸಿದೆ: 12.8 ಮೀಟರ್.

ಸೂತ್ರದಿಂದ ಇಲ್ಲಿ ಬಂದ ವ್ಯತ್ಯಾಸ ಅರ್ಧ ಸೆಂಟಿಮೀಟರ್ ಮಾತ್ರ. ಆದರೆ ನಾನು ದಾರವನ್ನು ಒಂದು ಡಿಗ್ರಿ ತಪ್ಪಾಗಿ ಓದಿದ್ದರೆ ಎತ್ತರ 40 ಸೆಂಟಿಮೀಟರ್‌ನಷ್ಟು ಬದಲಾಗುತ್ತದೆ. ಗಾಳಿಗೆ ಆ ಕಲ್ಲು ಹೇಗೆ ತೂಗಾಡುತ್ತಿತ್ತು ಎಂಬುದನ್ನು ನೀವೂ ನೋಡಿದ್ದೀರಿ. ಕಂಪಾಸು ಪೆಟ್ಟಿಗೆಯ ಕೋನಮಾಪಕದಲ್ಲಿ ಒಂದು ಡಿಗ್ರಿಯ ಅಂತರ ಮಿಲಿಮೀಟರ್‌ಗಿಂತ ಕಡಿಮೆ. 30 ಸೆಂಟಿಮೀಟರ್ ತ್ರಿಜ್ಯದ ರಟ್ಟಿನಲ್ಲಾದರೆ ಅದು ಐದು ಮಿಲಿಮೀಟರ್ ದಾಟುತ್ತದೆ. ರಟ್ಟು ಕತ್ತರಿಸಿಟ್ಟಿದ್ದೇನೆ, ಗೆರೆ ಎಳೆಯುತ್ತಿದ್ದೇನೆ. ಗಾಳಿ ನಿಂತ ಕೂಡಲೇ ಮತ್ತೆ ಅಳೆಯುತ್ತೇನೆ.